ಗುಣಿಗಳ ಕೂಟವೂ ತ್ಯಾಗದ ಸೂತ್ರವೂ

ಗುಣವಂತರು ಒಂದೆಡೆ ಸೇರಿದ ಮಾತ್ರಕ್ಕೆ ಕೂಟವೆಂಬುದು ಆಗುವುದಿಲ್ಲ. ಸೇರುವುದು ಬೇರೆ, ಕೂಡುವುದು ಬೇರೆ. ಸೇರುವುದಕ್ಕೆ ಸ್ಥಳವೊಂದಿದ್ದರೆ ಸಾಕು. ಕೂಡುವುದಕ್ಕೆ ಮನಸ್ಸು ಬೇಕು. ಹೊಲವನ್ನು ಉಳುವವನು ಇದನ್ನು ಶಾಸ್ತ್ರದಿಂದ ಕಲಿಯಬೇಕಾಗಿಲ್ಲ. ಜಾತ್ರೆಯ ದನದ ಪೇಟೆಯಲ್ಲಿಯೇ ಕಲಿತಿರುತ್ತಾನೆ. ಪೇಟೆಯಲ್ಲೆಲ್ಲ ಬಲಿಷ್ಠವಾದ ಎರಡು ಎತ್ತುಗಳನ್ನು ಬೇರೆ ಬೇರೆ ಕಡೆಯಿಂದ ಕೊಂಡುತಂದು ಒಂದೇ ನೊಗಕ್ಕೆ ಹೂಡಿದರೆ ನೇಗಿಲು ನೆಟ್ಟಗೆ ಸಾಗುವುದೆಂಬ ಭರವಸೆಯಿಲ್ಲ. ಒಂದು ಮುಂದಕ್ಕೆಳೆದರೆ ಇನ್ನೊಂದು ಪಕ್ಕಕ್ಕೆಳೆಯುತ್ತದೆ, ಸಾಲು ಸೊಟ್ಟಗಾಗುತ್ತದೆ, ಎರಡರ ಹೆಗಲೂ ಹುಣ್ಣಾಗುತ್ತದೆ. ಬಲವು ಕಡಮೆಯಾಗಿ ಹಾಗಾದುದಲ್ಲ. ಬಲಕ್ಕೆ ಬಲ ಹೊಂದದೆ ಹಾಗಾಯಿತು. ಆದುದರಿಂದಲೇ ತಿಳಿದವರು ಎತ್ತಿನ ಬೆಲೆಯನ್ನು ಮೈಕಟ್ಟಿನಿಂದ ಕಟ್ಟಿದರೂ ಜೋಡಿಯ ಬೆಲೆಯನ್ನು ಹೆಜ್ಜೆಯ ಹೊಂದಿಕೆಯಿಂದ ಕಟ್ಟುತ್ತಾರೆ.

ಈ ಮಾತಿಗೆ ದೂರದ ಅಮೆರಿಕ ದೇಶದ ಒಂದು ಆಟದ ತಂಡದ ವೃತ್ತಾಂತವು ಒಳ್ಳೆಯ ಸಾಕ್ಷಿಯಾಗಿದೆ. ಧರ್ಮಪ್ರಸಂಗದಲ್ಲಿ ಆಟದ ಕಥೆಯನ್ನು ಎತ್ತುವುದೇಕೆಂದು ಸದ್ಭಕ್ತರು ಶಂಕಿಸಬೇಕಾಗಿಲ್ಲ. ಶರಣರು ನೇಯುವ ಮಗ್ಗದಲ್ಲಿ, ಹೊಲಿಯುವ ತೊಗಲಿನಲ್ಲಿ, ಹಾಯಿಸುವ ದೋಣಿಯಲ್ಲಿ ತತ್ತ್ವವನ್ನು ಕಂಡವರು. ಮನುಷ್ಯನು ಎಲ್ಲಿ ಮೈಮುರಿದು ದುಡಿಯುವನೋ ಅಲ್ಲಿ ಅವನ ಮನಸ್ಸಿನ ಒಳಗುಟ್ಟು ಹೊರಬೀಳುತ್ತದೆ. ಆಟವನ್ನೇ ವೃತ್ತಿಯಾಗಿ ಮಾಡಿಕೊಂಡವರ ಅಂಗಣದಲ್ಲಿಯಂತೂ ಅದು ಸಾವಿರಾರು ಜನರ ಕಣ್ಣೆದುರಿಗೇ ಹೊರಬೀಳುತ್ತದೆ.

ಬಾಸ್ಕೆಟ್‌ಬಾಲ್ ಎಂಬ ಆಟವನ್ನು ೧೮೯೧ನೆಯ ಇಸವಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮಶಿಕ್ಷಕರು ಕಲ್ಪಿಸಿದರು. ಚಳಿಗಾಲದಲ್ಲಿ ಹೊರಗೆ ಆಡಲಾಗದ ತರುಣರಿಗಾಗಿ ಅವರು ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ, ಚೆಂಡನ್ನು ಅವುಗಳಲ್ಲಿ ಹಾಕುವ ಆಟವನ್ನು ಹೂಡಿದರು. ಈಗಿನ ವೃತ್ತಿಪರ ಪಂದ್ಯವು ೪೮ ನಿಮಿಷಗಳದು. ಒಂದೊಂದು ಪಕ್ಷದಿಂದ ಏಕಕಾಲಕ್ಕೆ ಐವರು ಅಂಗಣದಲ್ಲಿರುತ್ತಾರೆ. ಚೆಂಡು ಕೈಸೇರಿದ ಪಕ್ಷವು ೨೪ ಸೆಕೆಂಡುಗಳೊಳಗೆ ಅದನ್ನು ಬುಟ್ಟಿಯತ್ತ ಎಸೆಯಬೇಕು. ಇಲ್ಲಿ ನೆನಪಿಡಬೇಕಾದ ಸಂಗತಿ ಒಂದೇ: ಆಡುವವರು ಐವರು, ಚೆಂಡು ಮಾತ್ರ ಒಂದು. ಒಬ್ಬನ ಕೈಯಲ್ಲಿ ಚೆಂಡಿರುವಾಗ ನಾಲ್ವರ ಕೈಗಳು ಬರಿದಾಗಿರಲೇಬೇಕು. ಆ ಬರಿಗೈಯ ನಾಲ್ವರ ಮನಸ್ಸು ಹೇಗಿರುತ್ತದೆ, ಚೆಂಡು ಹಿಡಿದವನ ಮನಸ್ಸು ಹೇಗಿರುತ್ತದೆ ಎಂಬುದರ ಮೇಲೆಯೇ ತಂಡದ ಅಳಿವು ಉಳಿವು ನಿಂತಿದೆ.

ಲಾಸ್ ಏಂಜಲಿಸ್ ನಗರದ ಲೇಕರ್ಸ್ ಎಂಬ ತಂಡವು ಆ ದೇಶದ ಅತ್ಯಂತ ಪ್ರಸಿದ್ಧ ತಂಡಗಳಲ್ಲೊಂದು. ೨೦೧೦ನೆಯ ಇಸವಿಯ ಹೊತ್ತಿಗೆ ಅದು ೧೬ ಬಾರಿ ರಾಷ್ಟ್ರದ ಪ್ರಶಸ್ತಿಯನ್ನು ಪಡೆದಿತ್ತು. ಅವುಗಳಲ್ಲಿ ಐದರಲ್ಲಿ ಪಾಲುಗಾರನಾಗಿದ್ದವನು ಕೋಬಿ ಬ್ರಯಾಂಟ್. ಸ್ಪೇನ್ ದೇಶದ ಎತ್ತರದ ಆಳು ಪಾವ್ ಗಸೋಲನು ೨೦೦೯ ಮತ್ತು ೨೦೧೦ರ ವಿಜಯಗಳಲ್ಲಿ ಅವನ ಬಲಗೈಯಾಗಿದ್ದನು. ರಕ್ಷಣೆಯಲ್ಲಿ ಹೆಸರಾದ ಇನ್ನೊಬ್ಬನು ೨೦೧೧ರಲ್ಲಿ ತನ್ನ ಹಳೆಯ ಹೆಸರನ್ನು ಬಿಟ್ಟು ಮೆಟ್ಟಾ ವರ್ಲ್ಡ್ ಪೀಸ್ ಎಂಬ ಹೆಸರನ್ನು ತಾಳಿದ್ದನು. ಮೆಟ್ಟಾ ಎಂದರೆ ಪಾಳಿ ಭಾಷೆಯಲ್ಲಿ ಮೈತ್ರಿ, ಉಳಿದ ಭಾಗಕ್ಕೆ ಲೋಕಶಾಂತಿ ಎಂದರ್ಥ. ಈ ಮೂವರಿಗೆ ೨೦೧೨ರ ಬೇಸಗೆಯಲ್ಲಿ ಇನ್ನಿಬ್ಬರು ಬಂದು ಸೇರಿದರು. ಒಬ್ಬನು ಕೆನಡದ ಸ್ಟೀವ್ ನ್ಯಾಶ್. ೨೦೦೫ ಮತ್ತು ೨೦೦೬ರಲ್ಲಿ ಸರ್ವಶ್ರೇಷ್ಠ ಆಟಗಾರನೆಂಬ ಗೌರವವನ್ನು ಪಡೆದವನು, ಸಹಚರರಿಗೆ ಚೆಂಡನ್ನು ಒದಗಿಸುವುದರಲ್ಲಿ ಅವನಿಗೆ ಸಮಾನರು ವಿರಳ. ಇನ್ನೊಬ್ಬನು ಡ್ವೈಟ್ ಹೋವರ್ಡ್. ೨೦೦೯ರಿಂದ ಮೊದಲ್ಗೊಂಡು ಸತತವಾಗಿ ಮೂರು ವರ್ಷ ಶ್ರೇಷ್ಠ ರಕ್ಷಕನೆಂದು ಗೌರವಿಸಲ್ಪಟ್ಟವನು.

ಹೀಗೆ ಒಬ್ಬೊಬ್ಬನೂ ಒಂದೊಂದು ತಂಡಕ್ಕೆ ಶಿರೋಮಣಿಯಾಗಬಲ್ಲಂಥ ಐವರು ಒಂದೇ ಅಂಗಣದಲ್ಲಿ ನಿಂತರು. ಆಟಗಾರರ ವೇತನಕ್ಕಾಗಿ ತಂಡವು ಆ ವರ್ಷ ಸುಮಾರು ಹತ್ತು ಕೋಟಿ ಡಾಲರುಗಳನ್ನು ತೆತ್ತಿತು. ವಿಜಯವು ಬಂದೇ ಬಂದಿತೆಂದು ನಗರವು ನಂಬಿತು. ಪತ್ರಿಕೆಗಳು ಆಟವು ಮೊದಲಾಗುವುದಕ್ಕೆ ಮುಂಚೆಯೇ ಅವರ ಹೊಗಳಿಕೆಯನ್ನು ಮೊದಲು ಮಾಡಿದುವು. ಬಿತ್ತುವುದಕ್ಕೆ ಮುನ್ನವೇ ರಾಶಿಯನ್ನು ಅಳೆಯುವವರ ರೀತಿ ಇದು.

ಆದದ್ದಾದರೂ ಏನು? ಋತುವಿಗೆ ಮುಂಚಿನ ಅಭ್ಯಾಸದ ಎಂಟು ಪಂದ್ಯಗಳಲ್ಲಿ ಎಂಟನ್ನೂ ತಂಡವು ಸೋತಿತು. ಅಭ್ಯಾಸವಷ್ಟೇ ಎಂದು ಜನರು ಸಮಾಧಾನ ತಂದುಕೊಂಡರು. ಅಕ್ಟೋಬರ್ ೩೦ರಂದು ನಿಜವಾದ ಋತುವು ಆರಂಭವಾಯಿತು. ಡಲ್ಲಾಸ್ ತಂಡವು ಲೇಕರ್ಸರನ್ನು ಅವರ ಸ್ವಂತ ಅಂಗಣದಲ್ಲಿಯೇ ಸೋಲಿಸಿತು. ಮರುದಿನ ಪೋರ್ಟ್‌ಲ್ಯಾಂಡಿನಲ್ಲಿ ಮತ್ತೊಂದು ಸೋಲು. ಆ ರಾತ್ರಿಯೇ ನ್ಯಾಶನ ಕಾಲಿನ ಎಲುಬು ಬಿರಿದು, ಅವನು ಸುಮಾರು ಏಳು ವಾರ ಅಂಗಣದಿಂದ ದೂರವುಳಿದನು. ಮೊದಲ ಐದು ಪಂದ್ಯಗಳಲ್ಲಿ ಗೆಲವು ಒಂದು, ಸೋಲು ನಾಲ್ಕು. ನವೆಂಬರ್ ೯ರಂದು ತಂಡದ ಒಡೆಯರು ಶಿಕ್ಷಕರಾಗಿದ್ದ ಮೈಕ್ ಬ್ರೌನ್ ಅವರನ್ನು ಬಿಡಿಸಿದರು.

ಅಂಗಣದಲ್ಲಿ ನೆರೆದ ಜನರು ಹಿಂದಿನ ಶಿಕ್ಷಕರಾದ ಫಿಲ್ ಜಾಕ್ಸನ್ ಅವರೇ ಬೇಕೆಂದು ಕೂಗಿದರು. ಶಿಕ್ಷಕರಾಗಿ ಒಟ್ಟು ೧೧ ಪ್ರಶಸ್ತಿಗಳನ್ನು ಪಡೆದಿದ್ದವರು ಅವರು. ಆದರೆ ಒಡೆಯರು ಆರಿಸಿದ್ದು ಮೈಕ್ ಡಿ'ಆಂಟೋನಿ ಅವರನ್ನು. ಹಿಂದೆ ಫೀನಿಕ್ಸ್ ತಂಡದಲ್ಲಿ ನ್ಯಾಶನಿಗೆ ಗುರುವಾಗಿದ್ದವರು. ಹೀಗೆ ಒಂದು ತಿಂಗಳು ತುಂಬುವುದರೊಳಗೆ, ನಡುವೆ ಕೆಲವು ದಿನ ನೋಡಿಕೊಂಡ ಬರ್ನಿ ಬಿಕರ್‌ಸ್ಟಾಫ್ ಅವರನ್ನೂ ಸೇರಿಸಿ, ತಂಡವು ಮೂವರು ಶಿಕ್ಷಕರನ್ನು ಕಂಡಿತು. ಗುರುವನ್ನು ಬದಲಿಸಿದರೆ ಗುಣ ಬದಲಾದೀತೆಂಬುದು ಲೋಕದ ಹಳೆಯ ಆಸೆ. ಮಗನು ಓದದಿದ್ದರೆ ಶಾಲೆಯನ್ನು ಬದಲಿಸುವ ತಂದೆಯೂ, ಬಾಳು ಒಗೆತನ ನೆಟ್ಟಗಾಗದಿದ್ದರೆ ಮನೆಯ ಬಾಗಿಲ ದಿಕ್ಕನ್ನು ಬದಲಿಸುವ ಗೃಹಸ್ಥನೂ ಇದೇ ಆಸೆಯವರು. ಬದಲಾವಣೆಯು ಕೆಲವು ವೇಳೆ ಅಗತ್ಯವಾಗಿರಬಹುದು. ಆದರೆ ಕೇಳುವ ಕಿವಿ ಹಳೆಯದಾಗಿಯೇ ಇದ್ದರೆ ಹೇಳುವ ಬಾಯಿ ಹೊಸದಾಗಿ ಪ್ರಯೋಜನವೇನು?

೨೦೧೩ರ ಜನವರಿ ಬಂದಿತು. ಹೊಸ ವರ್ಷದ ಮೊದಲ ದಿನದಿಂದಲೇ ಸೋಲುಗಳ ಸರಣಿ ಹತ್ತಿತು. ಫಿಲಡೆಲ್ಫಿಯ, ಅದೇ ನಗರದ ಕ್ಲಿಪರ್ಸ್, ಡೆನ್ವರ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ, ಒಕ್ಲಹಾಮ ಸಿಟಿ ಎಂಬ ಆರು ತಂಡಗಳ ಕೈಯಲ್ಲಿ ಸತತವಾಗಿ ಆರು ಸೋಲು. ಗೆಲವು ೧೫, ಸೋಲು ೨೧. ನಡುವೆ ಎರಡು ಗೆಲವು ಬಂದುವು. ಆಮೇಲೆ ಮತ್ತೆ ಸಾಲಾಗಿ ಸೋಲು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಸೋತವರನ್ನು ಕಂಡೊಡನೆ ಅಹಂಕಾರಿಗಳೆಂದು ಜರೆಯುವುದು ಸುಲಭ. ಉಪದೇಶಕನಿಗಂತೂ ಇನ್ನೂ ಸುಲಭ. ಆದರೆ ಅದು ಸತ್ಯಕ್ಕೆ ಮಾಡುವ ಅಪಚಾರ. ಹೋವರ್ಡನು ಹಿಂದಿನ ವರ್ಷದ ಏಪ್ರಿಲಿನಲ್ಲಿಯೇ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದವನು. ಸಾಲದುದಕ್ಕೆ ಜನವರಿಯಲ್ಲಿ ಅವನ ಬಲಭುಜಕ್ಕೂ ಪೆಟ್ಟಾಯಿತು. ನ್ಯಾಶನಿಗೆ ಆಗಲೇ ೩೮ ವಯಸ್ಸು. ಗಸೋಲನೂ ಮೊಣಕಾಲು ಪಾದಗಳ ನೋವಿನಿಂದ ಬಳಲಿದನು. ದೇಹಕ್ಕೆ ಬಂದ ವ್ಯಾಧಿಯನ್ನು ಮನಸ್ಸಿನ ದೋಷವೆಂದು ಎಣಿಸಬಾರದು. ರೋಗಿಯನ್ನು ಪಾಪಿಯೆಂದು ಕರೆಯುವವನ ಮಾತಿನಲ್ಲಿ ಧರ್ಮವಿಲ್ಲ. ಇಷ್ಟನ್ನು ಕಳೆದ ಮೇಲೆಯೂ ಉಳಿಯುವ ಭಾಗವೊಂದುಂಟು. ವಿಚಾರಕ್ಕೆ ಯೋಗ್ಯವಾದುದು ಆ ಉಳಿದ ಭಾಗವೇ.

ಆ ಐವರಲ್ಲಿ ದುಷ್ಟರು ಯಾರೂ ಇರಲಿಲ್ಲ, ಸೋಮಾರಿಗಳೂ ಇರಲಿಲ್ಲ. ಪ್ರತಿಯೊಬ್ಬನೂ ತಾನು ಹಿಂದೆ ಯಾವ ದಾರಿಯಿಂದ ಕೀರ್ತಿಗೆ ಬಂದಿದ್ದನೋ ಆ ದಾರಿಯಿಂದಲೇ ತಂಡಕ್ಕೆ ಒಳ್ಳೆಯದನ್ನು ಮಾಡಬಯಸಿದನು. ನ್ಯಾಶನ ವಿದ್ಯೆಯು ಬೆಳಗಬೇಕಾದರೆ ಚೆಂಡು ಬಹುಹೊತ್ತು ಅವನ ಕೈಯಲ್ಲಿರಬೇಕು. ಬ್ರಯಾಂಟನ ವಿದ್ಯೆಗೂ ಅದೇ ಚೆಂಡು ಬೇಕು. ಹೋವರ್ಡನು ಬುಟ್ಟಿಯ ಬುಡದಲ್ಲಿ ನಿಂತು ಚೆಂಡಿಗಾಗಿ ಕಾಯುವವನು. ಗಸೋಲನಿಗೂ ಬುಟ್ಟಿಯ ಸಮೀಪವೇ ಸ್ವಸ್ಥಾನ. ಆದರೆ ಅಲ್ಲಿ ಹೋವರ್ಡನಿದ್ದುದರಿಂದ ಅವನು ದೂರ ನಿಲ್ಲಬೇಕಾಯಿತು. ಎರಡು ಪ್ರಶಸ್ತಿಗಳನ್ನು ತಂದುಕೊಟ್ಟವನಾದರೂ ಜನವರಿಯಲ್ಲಿ ಪಂದ್ಯದ ಆರಂಭಕ್ಕೆ ಅಂಗಣದ ಹೊರಗೆ ಬೆಂಚಿನ ಮೇಲೆ ಕೂಡಬೇಕಾಯಿತು. ಒಂದು ಒರೆಯಲ್ಲಿ ಎರಡು ಖಡ್ಗ ಸೇರವೆಂಬ ಗಾದೆಯಿದೆ. ಇಲ್ಲಿದ್ದುದು ಐದು ಖಡ್ಗ.

ಅಹಂಕಾರದಲ್ಲಿ ಸ್ಥೂಲವೆಂದೂ ಸೂಕ್ಷ್ಮವೆಂದೂ ಎರಡು ಬಗೆ. ಸ್ಥೂಲಾಹಂಕಾರವು "ನಾನು ದೊಡ್ಡವನು" ಎನ್ನುತ್ತದೆ. ಅದನ್ನು ಎಲ್ಲರೂ ಗುರುತಿಸುವರು. ಅದು ತನ್ನ ಗದ್ದಲದಿಂದಲೇ ಸಿಕ್ಕಿಬೀಳುತ್ತದೆ. ಸೂಕ್ಷ್ಮಾಹಂಕಾರವಾದರೋ "ನನ್ನಿಂದಲೇ ಇವರಿಗೆಲ್ಲ ಒಳ್ಳೆಯದಾಗಬೇಕು" ಎನ್ನುತ್ತದೆ. ಅದು ಸೇವೆಯ ಉಡುಪನ್ನು ತೊಟ್ಟಿರುತ್ತದೆ. ಅದರ ಹಣೆಯಲ್ಲಿ ಬೆವರೂ ಇರುತ್ತದೆ. ಆದುದರಿಂದ ಅದನ್ನು ಹೊತ್ತವನಿಗೇ ಅದರ ಗುರುತು ಸಿಕ್ಕುವುದಿಲ್ಲ. ಹತ್ತು ಜನರ ಕೆಲಸವನ್ನು ಒಬ್ಬನೇ ಮಾಡುತ್ತಿರುವೆನೆಂದು ಕೊರಗುವವನು, ಉಳಿದ ಒಂಬತ್ತು ಜನರ ಕೈಯಿಂದ ಕೆಲಸವನ್ನು ತಾನೇ ಕಿತ್ತುಕೊಂಡಿರುವೆನೆಂಬುದನ್ನು ಅರಿಯನು. ಲಾಸ್ ಏಂಜಲಿಸಿನ ವೀರರ ತೊಡಕು ಈ ಎರಡನೆಯ ಬಗೆಯದು. ಎಲ್ಲರೂ ಗೆಲವನ್ನೇ ಬಯಸಿದರು. ಗೆಲವು ತನ್ನ ವಿದ್ಯೆಯ ಮೂಲಕವೇ ಬರಲೆಂಬುದನ್ನು ಮಾತ್ರ ಒಬ್ಬೊಬ್ಬನೂ ಒಳಗೊಳಗೆ ಬಯಸಿದನು.

ಜನವರಿ ೨೩ರಂದು ತಂಡವು ಮೆಂಫಿಸ್ ನಗರದಲ್ಲಿತ್ತು. ಅಂದಿನ ಪಂದ್ಯಕ್ಕೆ ಮುಂಚೆ ಆಟಗಾರರೂ ಶಿಕ್ಷಕರೂ ಒಂದೆಡೆ ಕುಳಿತು ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿಕೊಂಡರು. ತನ್ನೊಡನೆ ಆಡುವುದು ಅವನಿಗೆ ಇಷ್ಟವಿಲ್ಲವೆಂಬುದು ನಿಜವೇ ಎಂದು ಬ್ರಯಾಂಟನು ಹೋವರ್ಡನನ್ನು ಎಲ್ಲರ ಮುಂದೆಯೇ ಕೇಳಿದನೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದುವು. ಕಿವಿಯಿಂದ ಕಿವಿಗೆ ಹರಿದಾಡುತ್ತಿದ್ದ ಮಾತು ಅಂದು ಮುಖದಿಂದ ಮುಖಕ್ಕೆ ಬಂದಿತು.

ಇದು ಸಣ್ಣ ಸಂಗತಿಯಲ್ಲ. ಕೂಡಿ ಬಾಳುವವರ ನಡುವೆ ಹಿಂದಿನಿಂದಾಡಿದ ಒಂದು ಮಾತು ಮಾಡುವಷ್ಟು ಕೇಡನ್ನು ಎದುರಿಗಾಡಿದ ಹತ್ತು ಕಠೋರ ಮಾತುಗಳೂ ಮಾಡಲಾರವು. ಕಲ್ಯಾಣದ ಅನುಭವಮಂಟಪದ ಹಿರಿಮೆಯೂ ಇಂಥದೇ. ಅಲ್ಲಿ ಬಂದವರೆಲ್ಲರೂ ಒಂದೇ ಮಾತನ್ನಾಡಿದರೆಂದಲ್ಲ. ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಪ್ರಶ್ನೆ ಎದ್ದಿತು, ಒರೆಗೆ ಹಚ್ಚುವುದು ನಡೆಯಿತು, ಹಿರಿಯರೆಂಬ ದಾಕ್ಷಿಣ್ಯಕ್ಕೆ ಸತ್ಯವು ಮರೆಯಾಗಲಿಲ್ಲ. ಸಭೆಯಲ್ಲಿ ಕೇಳಿಸಿಕೊಳ್ಳಬಲ್ಲವನೇ ಸಭೆಗೆ ಹಿರಿಯನು.

ಆದರೆ ಮೆಂಫಿಸಿನ ಆ ಸಭೆಗೆ ಫಲವು ಒಡನೆಯೇ ದೊರೆಯಿತೆ? ಇಲ್ಲ. ಅದೇ ರಾತ್ರಿ ತಂಡವು ಮತ್ತೆ ಸೋತಿತು. ಗೆಲವು ೧೭, ಸೋಲು ೨೫ ಎಂಬ ಲೆಕ್ಕಕ್ಕೆ ಇಳಿಯಿತು. ಮನಸ್ಸನ್ನು ತೊಳೆದುಕೊಂಡ ದಿನವೇ ಮನೆಯ ಕಷ್ಟವು ತೀರಬೇಕೆಂದು ಬಯಸುವ ಗೃಹಸ್ಥರು ಈ ರಾತ್ರಿಯನ್ನು ನೆನೆಯಬೇಕು. ಬೀಜವು ಮಣ್ಣಿಗೆ ಬಿದ್ದ ಸಂಜೆ ಹೊಲವು ಹಿಂದಿನಂತೆಯೇ ಬರಿದಾಗಿ ಕಾಣುತ್ತದೆ.

ಎರಡು ದಿನಗಳಾದ ಮೇಲೆ, ಜನವರಿ ೨೫ರಂದು, ತಮ್ಮ ಅಂಗಣದಲ್ಲಿ ಲೇಕರ್ಸರು ಯೂಟಾ ತಂಡವನ್ನು ೧೦೨ಕ್ಕೆ ೮೪ ಅಂಕಗಳಿಂದ ಸೋಲಿಸಿದರು. ಆ ಪಂದ್ಯದಲ್ಲಿ ಬ್ರಯಾಂಟನು ಮಾಡಿದ ಕೆಲಸವನ್ನು ತಿಳಿಯಬೇಕಾದರೆ ಆಟದ ಲೆಕ್ಕದ ಒಂದು ಅಂಶವನ್ನು ತಿಳಿಯಬೇಕು. ಒಬ್ಬನು ಚೆಂಡನ್ನು ನೀಡಿ, ಅದನ್ನು ಪಡೆದವನು ನೇರವಾಗಿ ಬುಟ್ಟಿಗೆ ಹಾಕಿದರೆ, ನೀಡಿದವನ ಹೆಸರಿನಲ್ಲಿ ಒಂದು ನೆರವು ಎಂದು ಬರೆಯುತ್ತಾರೆ. ಅವರ ಭಾಷೆಯಲ್ಲಿ ಅದು ಅಸಿಸ್ಟ್. ಅಂಕವು ಹಾಕಿದವನದು, ಚಪ್ಪಾಳೆ ಬಹುಮಟ್ಟಿಗೆ ಅವನದೇ. ನೀಡಿದವನಿಗೆ ಉಳಿಯುವುದು ನೀಡಿದೆನೆಂಬ ಲೆಕ್ಕವೊಂದೇ. ಆ ರಾತ್ರಿ ಬ್ರಯಾಂಟನ ಹೆಸರಿನಲ್ಲಿ ೧೪ ನೆರವುಗಳು ದಾಖಲಾದುವು. ಜನವರಿ ೨೭ರಂದು ಬಲಿಷ್ಠವಾದ ಒಕ್ಲಹಾಮ ಸಿಟಿ ತಂಡದ ವಿರುದ್ಧ ಮತ್ತೆ ೧೪ ನೆರವುಗಳು, ಮತ್ತೆ ಗೆಲವು.

ಇದನ್ನು ಮಾಡಿದವನು ಯಾರೆಂಬುದನ್ನು ಮರೆಯಬಾರದು. ಸರಿಯಾಗಿ ಏಳು ವರ್ಷಗಳ ಹಿಂದೆ, ೨೦೦೬ರ ಜನವರಿ ೨೨ರಂದು, ಟೊರಾಂಟೊ ತಂಡದ ವಿರುದ್ಧ ಒಬ್ಬನೇ ೮೧ ಅಂಕಗಳನ್ನು ಗಳಿಸಿದವನು ಇದೇ ಬ್ರಯಾಂಟನು. ಅದುವರೆಗೆ ಆ ಸಂಘದ ಪಂದ್ಯಗಳಲ್ಲಿ ಅದಕ್ಕಿಂತ ಹೆಚ್ಚು ಗಳಿಸಿದ್ದವನು ೧೯೬೨ರಲ್ಲಿ ೧೦೦ ಅಂಕ ಪಡೆದ ವಿಲ್ಟ್ ಚೇಂಬರ್ಲೇನ್ ಒಬ್ಬನೇ. ಎಸೆಯುವುದೇ ಯಾರ ಸ್ವಭಾವವಾಗಿತ್ತೋ, ಎಸೆಯುವುದರಿಂದಲೇ ಯಾರಿಗೆ ಕೀರ್ತಿಯೂ ಸಂಪತ್ತೂ ಬಂದಿತ್ತೋ, ಅವನು ತನ್ನ ಕೈಯಲ್ಲಿದ್ದ ಚೆಂಡನ್ನು ತಿರುತಿರುಗಿ ಇತರರ ಕೈಗೆ ಇತ್ತನು. ಇಲ್ಲದವನು ಕೊಡಲಾರದಿರುವುದು ಸಹಜ. ಅಲ್ಪವಿದ್ದವನು ಕೊಡುವುದು ಸಜ್ಜನಿಕೆ. ಎಲ್ಲವನ್ನೂ ತಾನೇ ಮಾಡಬಲ್ಲವನು ಇನ್ನೊಬ್ಬನಿಗೆ ಎಡೆಗೊಡುವುದು ಮಾತ್ರ ತ್ಯಾಗ. ಧನವನ್ನು ಬಿಡುವುದಕ್ಕಿಂತಲೂ ತನ್ನ ಸಾಮರ್ಥ್ಯದ ಪ್ರದರ್ಶನವನ್ನು ಬಿಡುವುದು ಕಷ್ಟ.

ಕಾಯಕ ದಾಸೋಹಗಳ ಸಂಬಂಧವು ಇಲ್ಲಿಯೇ ತಿಳಿಯುತ್ತದೆ. ಕೈತುಂಬ ದುಡಿಯುವುದು ಕಾಯಕ. ದುಡಿದುದು ತನ್ನಲ್ಲಿಯೇ ನಿಂತರೆ ಅದು ಗಳಿಕೆಯಾಗುತ್ತದೆಯೇ ಹೊರತು ದಾಸೋಹವಾಗುವುದಿಲ್ಲ. ಬಂದುದನ್ನು ಬೇಕಾದವನ ಕೈಗೆ, ಬೇಕಾದ ಹೊತ್ತಿಗೆ, ಅವನು ಸ್ವೀಕರಿಸಬಲ್ಲ ರೀತಿಯಲ್ಲಿ ಸಲ್ಲಿಸಬೇಕು. ನೆರವಿನ ಎಸೆತದ ನಿಯಮವೂ ಅದೇ. ಹೊತ್ತು ಮೀರಿ ನೀಡಿದರೆ ಚೆಂಡು ಶತ್ರುವಿನ ಪಾಲು; ಎಟುಕದಷ್ಟು ಎತ್ತರಕ್ಕೆ ನೀಡಿದರೆ ಯಾರ ಪಾಲೂ ಅಲ್ಲ. ಕೊಡುವವನು ಪಡೆಯುವವನ ಹೆಜ್ಜೆಯನ್ನು ನೋಡಿಕೊಂಡು ಕೊಡಬೇಕು.

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಭಕ್ತರೆಲ್ಲ ಬಲ್ಲರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಗೇ ಹಿಂದಿರುಗಿಸುವಂತೆ ಮಾಡಿದರು. ಅಲ್ಲಿ ಕಳವೂ ಇರಲಿಲ್ಲ, ಮೋಸವೂ ಇರಲಿಲ್ಲ, ತಂದದ್ದು ದಾಸೋಹಕ್ಕಾಗಿಯೇ. ಆದರೂ ತನ್ನ ಪಾಲಿಗೆ ಮೀರಿದುದು ತನ್ನದಲ್ಲವೆಂಬ ಎಚ್ಚರವು ಆ ತಾಯಿಗಿತ್ತು. ಸತ್ಕಾರ್ಯದ ಹೆಸರಿನಲ್ಲಿಯೂ ಪಾಲನ್ನು ಮೀರಬಾರದು. ಒಳ್ಳೆಯ ಉದ್ದೇಶದಿಂದ ಚೆಂಡನ್ನು ತನ್ನಲ್ಲಿಯೇ ಹಿಡಿದುಕೊಂಡವನಿಗೂ ಈ ಪ್ರಸಂಗವು ಉತ್ತರವಾಗಿದೆ.

ಮುಂದೆ ತಂಡದ ಗತಿ ಏನಾಯಿತು? ಮೆಂಫಿಸಿನ ಸೋಲಿನ ಅನಂತರ ಉಳಿದಿದ್ದ ೪೦ ಪಂದ್ಯಗಳಲ್ಲಿ ಲೇಕರ್ಸರು ೨೮ನ್ನು ಗೆದ್ದರು, ೧೨ನ್ನು ಸೋತರು. ಸೋಲುವ ತಂಡವು ಗೆಲ್ಲುವ ತಂಡವಾಯಿತು. ಆದರೆ ದಾರಿಯು ಸುಗಮವಾಗಲಿಲ್ಲ. ಫೆಬ್ರವರಿ ೧೮ರಂದು ತಂಡದ ಹಿರಿಯ ಒಡೆಯರಾದ ಜೆರ್ರಿ ಬಸ್ ಅವರು ತೀರಿಕೊಂಡರು. ಕೊನೆಯ ವಾರಗಳಲ್ಲಿ ಬ್ರಯಾಂಟನು ವಿಶ್ರಾಂತಿಯನ್ನೇ ಬಿಟ್ಟು ಆಡತೊಡಗಿದನು. ಏಪ್ರಿಲ್ ೧೦ರಂದು ಪೋರ್ಟ್‌ಲ್ಯಾಂಡಿನಲ್ಲಿ ೪೮ ನಿಮಿಷಗಳಲ್ಲಿ ಒಂದು ನಿಮಿಷವೂ ಹೊರಗೆ ಕೂಡದೆ ಆಡಿ ೪೭ ಅಂಕಗಳನ್ನು ಗಳಿಸಿದನು. ಏಪ್ರಿಲ್ ೧೨ರಂದು ಗೋಲ್ಡನ್ ಸ್ಟೇಟ್ ತಂಡದ ವಿರುದ್ಧ ಆಡುತ್ತಿರುವಾಗ ಅವನ ಹಿಮ್ಮಡಿಯ ಮೇಲಣ ನರವು ಹರಿಯಿತು. ಹರಿದ ಕಾಲಿನ ಮೇಲೆಯೇ ನಿಂತು, ತನಗೆ ಸಲ್ಲಬೇಕಾಗಿದ್ದ ಎರಡು ಎಸೆತಗಳನ್ನೂ ಬುಟ್ಟಿಗೆ ಹಾಕಿ, ಅವನು ಅಂಗಣದಿಂದ ನಡೆದುಹೋದನು. ಆ ಪಂದ್ಯವನ್ನು ತಂಡವು ಗೆದ್ದಿತು. ಬ್ರಯಾಂಟನ ಋತುವು ಅಲ್ಲಿಗೆ ಮುಗಿಯಿತು.

ಅವನ ಧೈರ್ಯವನ್ನು ಮೆಚ್ಚದವರಿಲ್ಲ. ವಿವೇಕಿಯು ಮೆಚ್ಚುತ್ತಲೇ ಇನ್ನೊಂದನ್ನೂ ಯೋಚಿಸುವನು. ಅತಿಯಾದ ದುಡಿಮೆಯೇ ಆ ಪೆಟ್ಟಿಗೆ ಕಾರಣವೆಂದು ಯಾರೂ ನಿರ್ಧರಿಸಿ ಹೇಳಲಾಗದು. ಆದರೆ ಚೆಂಡನ್ನು ಹಂಚಲು ಕಲಿತವನಿಗೂ ಭಾರವನ್ನು ಹಂಚುವುದು ಕಠಿನವಾಗಿ ಉಳಿಯಿತೆಂಬುದು ನಿಜ. ತ್ಯಾಗವೆಂಬುದು ಒಮ್ಮೆ ಮಾಡಿ ಮುಗಿಸುವ ವ್ರತವಲ್ಲ. ದಿನವೂ ಹೊಸದಾಗಿ ಮಾಡಬೇಕಾದ ಪೂಜೆ.

೪೫ ಗೆಲವು ೩೭ ಸೋಲುಗಳೊಡನೆ, ಪಶ್ಚಿಮ ಭಾಗದ ಏಳನೆಯ ಸ್ಥಾನದಲ್ಲಿ, ತಂಡವು ಅಂತಿಮ ಘಟ್ಟದ ಸ್ಪರ್ಧೆಗೆ ಹೇಗೋ ಪ್ರವೇಶಿಸಿತು. ಅಲ್ಲಿ ಎದುರಾದುದು ಸ್ಯಾನ್ ಆಂಟೋನಿಯೊ ನಗರದ ಸ್ಪರ್ಸ್ ತಂಡ. ನಾಲ್ಕು ಪಂದ್ಯಗಳು, ನಾಲ್ಕೂ ಸೋಲು. ಆ ಬೇಸಗೆಯಲ್ಲಿಯೇ ಹೋವರ್ಡನು ಹ್ಯೂಸ್ಟನ್ ತಂಡಕ್ಕೆ ಹೊರಟುಹೋದನು. ಬಹು ವೆಚ್ಚದಿಂದ ಕಟ್ಟಿದ ಕೂಟವು ಒಂದೇ ವರ್ಷದಲ್ಲಿ ಬಿಚ್ಚಿಹೋಯಿತು.

ಗೆದ್ದ ಸ್ಪರ್ಸರಲ್ಲಿಯೂ ತಾರೆಗಳಿದ್ದರು. ಆದರೆ ಅವರು ಬಹುಕಾಲ ಒಂದಾಗಿ ಬೆಳೆದವರು. ಅವರಲ್ಲೊಬ್ಬನಾದ ಮನು ಜಿನೋಬಿಲಿಯನ್ನು ಇಲ್ಲಿ ನೆನೆಯುವುದು ಉಚಿತ. ೨೦೦೪ರ ಒಲಿಂಪಿಕ್ ಪಂದ್ಯಗಳಲ್ಲಿ ತನ್ನ ಅರ್ಜೆಂಟೀನ ದೇಶಕ್ಕೆ ಸುವರ್ಣಪದಕವನ್ನು ತಂದುಕೊಟ್ಟ ಮುಂದಾಳು ಅವನು. ಯಾವ ತಂಡದಲ್ಲಿಯಾದರೂ ಮೊದಲ ಐವರಲ್ಲೊಬ್ಬನಾಗಲು ಯೋಗ್ಯನು. ಆದರೂ ಶಿಕ್ಷಕರಾಗಿದ್ದ ಗ್ರೆಗ್ ಪಾಪೊವಿಚ್ ಅವರ ಮಾತಿನಂತೆ, ಪಂದ್ಯ ಆರಂಭವಾದಾಗ ಬೆಂಚಿನ ಮೇಲೆ ಕುಳಿತು, ಕರೆದಾಗ ಎದ್ದು ಬರುವ ಆರನೆಯವನ ಸ್ಥಾನವನ್ನು ವರ್ಷಗಟ್ಟಲೆ ಒಪ್ಪಿಕೊಂಡನು. ೨೦೦೮ರಲ್ಲಿ ಆ ಸ್ಥಾನದಲ್ಲಿದ್ದವರಲ್ಲಿ ಶ್ರೇಷ್ಠನೆಂಬ ಗೌರವವೂ ಅವನಿಗೆ ಬಂದಿತು. ಅವನು ಪಾಲುಗಾರನಾದ ಪ್ರಶಸ್ತಿಗಳು ನಾಲ್ಕು. ಗಸೋಲನೂ ಬೆಂಚಿನ ಮೇಲೆ ಕುಳಿತವನೇ; ಆದರೆ ತುರ್ತಿನಲ್ಲಿ ಕೂಡಿಸಲ್ಪಟ್ಟವನಿಗೂ ತಾನಾಗಿ ಒಪ್ಪಿ ಕುಳಿತವನಿಗೂ ಅಂತರವುಂಟು. ಮಣೆ ಒಂದೇ ಆದರೂ ಕುಳಿತ ಮನಸ್ಸು ಒಂದೇ ಅಲ್ಲ. ಪೀಠದಲ್ಲಿ ಹಿರಿಮೆಯಿಲ್ಲ, ಪೀಠವಿಲ್ಲದೆಯೂ ಕುಗ್ಗದ ಮನಸ್ಸಿನಲ್ಲಿ ಹಿರಿಮೆಯಿದೆ.

ಕೊನೆಗೂ ಸೋತ ಮೇಲೆ ಬ್ರಯಾಂಟನು ಕೊಟ್ಟ ನೆರವುಗಳೆಲ್ಲ ವ್ಯರ್ಥವಾದುವೆ ಎಂದು ಕೆಲವರು ಕೇಳಬಹುದು. ಹೀಗೆ ಕೇಳುವವರು ಧರ್ಮವನ್ನು ಅಂಗಡಿಯ ವ್ಯವಹಾರವೆಂದು ತಿಳಿದಿರುತ್ತಾರೆ. ಇಷ್ಟು ಕೊಟ್ಟರೆ ಇಷ್ಟು ಬರಬೇಕೆಂಬುದು ಅವರ ಲೆಕ್ಕ. ಗೆಲವು ಪುಣ್ಯಕ್ಕೆ ಪ್ರಮಾಣವಲ್ಲ, ಸೋಲು ಪಾಪಕ್ಕೆ ದಂಡನೆಯಲ್ಲ. ೧೭ ಗೆಲವು ೨೫ ಸೋಲುಗಳ ಕೆಸರಿನಲ್ಲಿದ್ದ ಹನ್ನೆರಡು ಹದಿನೈದು ಜನರು ಮರಳಿ ಒಬ್ಬರ ಮುಖವನ್ನೊಬ್ಬರು ನೋಡುವಂತಾದುದೇ ಒಂದು ಫಲ. ನಲವತ್ತು ಪಂದ್ಯಗಳ ಕಾಲ ಅವರು ಹೇಗೆ ಆಡಬೇಕಾಗಿತ್ತೋ ಹಾಗೆ ಆಡಿದರು. ಪ್ರಶಸ್ತಿಯು ಅದರ ಮೇಲಣ ಕಳಶ. ಕಳಶವಿಲ್ಲದಿದ್ದರೂ ಗುಡಿಯು ಗುಡಿಯೇ.

ಗೃಹಸ್ಥರ ಮನೆಯೂ ಇಂಥದೇ ಅಂಗಣ. ಮೂವರು ಅಣ್ಣತಮ್ಮಂದಿರು ಮೂವರೂ ಸಮರ್ಥರಾಗಿರುವ ಮನೆಯೇ ಮೊದಲು ಒಡೆಯುವುದನ್ನು ಲೋಕವು ಕಂಡಿದೆ. ಅಸಮರ್ಥರು ಒಬ್ಬರನ್ನೊಬ್ಬರು ಆತುಕೊಂಡಾದರೂ ನಿಲ್ಲುತ್ತಾರೆ. ಅತ್ತೆಯ ಸೆರಗಿನ ಬೀಗದ ಕೈಯು ಸೊಸೆಯ ಕೈಗೆ ಯಾವಾಗ ಬರಬೇಕು? ಅಂಗಡಿಯ ಗಲ್ಲೆಯ ಮೇಲೆ ತಂದೆಯು ಎಷ್ಟು ಕಾಲ ಕೂಡಬೇಕು, ಮಗನಿಗೆ ಎಂದು ಎಡೆಗೊಡಬೇಕು? ಜಾತ್ರೆಯ ಪ್ರಸಾದದ ಪಂಕ್ತಿಯಲ್ಲಿ ಬಡಿಸುವ ಸೌಟು ಒಬ್ಬನ ಕೈಯಲ್ಲಿಯೇ ಇದ್ದರೆ ಪಂಕ್ತಿಯ ಕೊನೆಯವನಿಗೆ ಅನ್ನವು ತಣ್ಣಗಾಗುವುದಿಲ್ಲವೆ? ಇಲ್ಲೆಲ್ಲ ಹಿಡಿದವನು ದುಷ್ಟನಲ್ಲ. ಹಿಡಿತವನ್ನು ಸಡಿಲಿಸುವ ಹೊತ್ತನ್ನು ಅವನು ಅರಿತಿಲ್ಲ, ಅಷ್ಟೇ. ಕಿರಿಯರಿಗೆ ತಾಳ್ಮೆಯನ್ನು ಬೋಧಿಸುವುದಕ್ಕಿಂತ ಮುಂಚೆ ಹಿರಿಯರು ತಮ್ಮ ಕೈಯನ್ನು ತೆರೆಯಬೇಕು. ಲಾಸ್ ಏಂಜಲಿಸಿನಲ್ಲಿ ಸೋಲಿನ ಸರಣಿಯು ಕಡಿದದ್ದು ಕಿರಿಯರು ಬಗ್ಗಿದುದರಿಂದಲ್ಲ. ಅತ್ಯಂತ ಹಿರಿಯ ಕೈಯು ಮೊದಲು ನೀಡಿದುದರಿಂದ.

ಬ್ರಯಾಂಟನು ೨೦೧೬ರಲ್ಲಿ ಆಟದಿಂದ ನಿವೃತ್ತನಾದನು. ೨೦೨೦ರ ಜನವರಿ ೨೬ರಂದು ಹೆಲಿಕಾಪ್ಟರಿನ ಅಪಘಾತದಲ್ಲಿ ತನ್ನ ಮಗಳೊಡನೆ ಅಸುನೀಗಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಲೇಕರ್ಸ್ ತಂಡವು ತನ್ನ ೧೭ನೆಯ ಪ್ರಶಸ್ತಿಯನ್ನು ಪಡೆಯಿತು. ಆ ಋತುವಿನಲ್ಲಿ ಇಡೀ ಸಂಘದ ಎಲ್ಲ ತಂಡಗಳ ಆಟಗಾರರಲ್ಲಿ ಪಂದ್ಯವೊಂದಕ್ಕೆ ಅತಿ ಹೆಚ್ಚು ನೆರವುಗಳನ್ನು ನೀಡಿದವನು ಯಾರು? ಆ ತಂಡದ ಅತ್ಯಂತ ಪ್ರಸಿದ್ಧ ತಾರೆಯಾಗಿದ್ದ ಲೆಬ್ರಾನ್ ಜೇಮ್ಸನೇ. ತಂಡದ ಹಿರಿಯನು ಕೊಡುವುದರಲ್ಲಿಯೂ ಹಿರಿಯನಾದ ವರ್ಷ ಕಳಶವೂ ಏರಿತು.

ಗೆಲವಿನ ಫಲಕದ ಮೇಲಣ ಅಂಕಿಗಳನ್ನು ಪಂದ್ಯ ಮುಗಿದ ಗಳಿಗೆಯಲ್ಲ ಅಳಿಸುತ್ತಾರೆ. ಹಾಕಿದ ಅಂಕವೂ ಅಳಿಯುತ್ತದೆ, ಹಾಕಿಸಿದ ಅಂಕವೂ ಅಳಿಯುತ್ತದೆ. ಆದರೆ ತನ್ನ ಕೈಯಲ್ಲಿದ್ದುದನ್ನು ಇನ್ನೊಬ್ಬನ ಕೈಗೆ ಇತ್ತಾಗ ಮನಸ್ಸಿಗೆ ಆದ ಹಗುರವು ಅಳಿಯುವುದಿಲ್ಲ. ಆ ಹಗುರವನ್ನು ಒಮ್ಮೆ ಕಂಡ ಮನೆಯು ಒಡೆಯುವುದಿಲ್ಲ. ಆ ಹಗುರವನ್ನು ಬಲ್ಲವನಿಗೆ ಸೋಲು ಭಾರವಲ್ಲ, ಗೆಲವು ಮದವಲ್ಲ. ಸದ್ಭಕ್ತರ ಮನೆಮನೆಯಲ್ಲಿಯೂ ಹಿರಿಯ ಕೈಗಳು ಮೊದಲು ತೆರೆಯಲಿ.